ಕತ್ತಲೆ ಬಾಟಲಿ ಎಲ್ಲಿ?

ಸಿದ್ದಗಂಗಮ್ಮ ಮೇಡಂ ಕೂತಿರುವ ಬಸ್ಸಿಗೆ ಕೂದಲೆಣ್ಣೆ ಮಾರುವವನು ಹತ್ತುತ್ತಿರಲಿಲ್ಲ. ಗುಬ್ಬಿ ಬಸ್ ನಿಲ್ದಾಣದಲ್ಲಿ ಮೊದಲು ಕಿಟಕಿಯಿಂದ ಇಣುಕಿ ನೋಡಿ, ಮೂರನೇ ಸೀಟಿನಲ್ಲಿ ಅವರ ಮೆರೂನ್ ಬಣ್ಣದ ಬ್ಯಾಗು ಕಂಡರೆ ಹಿಂದಿನ ಬಸ್ಸಿಗೆ ಹೋಗುತ್ತಿದ್ದ. ಅದಕ್ಕೆ ಕಾರಣವಿತ್ತು. ಒಂದು ದಿನ ಅವನು ತನ್ನ ಎಣ್ಣೆ ಹಚ್ಚಿ ಕೂದಲು ಬಂದ ಹತ್ತು ಜನರ ಫೋಟೋಗಳನ್ನು ಬಸ್ಸಿನುದ್ದಕ್ಕೂ ತೋರಿಸುತ್ತ ಬಂದಿದ್ದ. ಮೇಡಂ ಕನ್ನಡಕ ಏರಿಸಿ ಒಂದೊಂದನ್ನೂ ನೋಡಿ, "ಚೆನ್ನಾಗವೆ ಕಣಪ್ಪಾ. ಎಣ್ಣೆ ಹಚ್ದೆ ಸುಮ್ನಿದ್ದ ಹತ್ತು ಜನದ ಫೋಟೋ ಎಲ್ಲಿ?" ಎಂದು ಕೇಳಿದರು. ಅಂಥವರ ಫೋಟೋ ಯಾರು ತೆಗೆಯುತ್ತಾರೆ ಅಕ್ಕ ಎಂದು ಅವನು ನಕ್ಕ. ಮೇಡಂ ನಗಲಿಲ್ಲ. "ತಗ್ಸ್ಕೊಂಡ್ ಬಾ, ಎರ್ಡೂ ಜೋಡ್ಸಿ ನೋಡಾನ. ಅಲ್ಲೀವರ್ಗೂ ಇದ್ನ ಒಳಿಕ್ಕಿಡು" ಎಂದರು. ಅವತ್ತು ಆ ಬಸ್ಸಿನಲ್ಲಿ ಒಂದು ಸೀಸೆಯೂ ಹೋಗಲಿಲ್ಲವಂತೆ.

ಅವರ ಲೋಕದಲ್ಲಿ ಪ್ರತಿ ಮಾತಿಗೂ ಒಂದು ಜೋಡಿ ಇರಲೇಬೇಕಿತ್ತು. ಶನಿವಾರ ಉಪವಾಸವಿದ್ದು ಪಾಸಾದೆ ಎಂದವಳನ್ನು, ಉಪವಾಸವಿಲ್ಲದೆ ಪಾಸಾದವರೆಷ್ಟು ಜನ ಎಂದು ಕೇಳುತ್ತಿದ್ದರು. ಹಾಗೆಂದು ದೇವರ ಮೇಲೆ ಜಗಳವಾಡಿದವರೇನಲ್ಲ. ಸ್ವತಃ ಸೋಮವಾರದ ಒಪ್ಪೊತ್ತು ತಪ್ಪಿಸಿದವರಲ್ಲ. ಅದನ್ನು ಯಾರಾದರೂ ಎತ್ತಿ ಆಡಿದರೆ, ಅದು ಹೊಟ್ಟೆಗೆ ಕೊಟ್ಟ ರಜೆ, ರಜೆಗೆ ಪುರಾವೆ ಬೇಡ ಎನ್ನುತ್ತಿದ್ದರು.

ತುಮಕೂರಿನ ನಮ್ಮ ಕಾಲೇಜಿನಲ್ಲಿ ಅವರು ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ಹದಿನಾಲ್ಕು ವರ್ಷ ಅತಿಥಿಯಾಗಿಯೇ ಇದ್ದರು. ಕಾಯಂ ಆದವರು ಎಷ್ಟೋ ಜನ ಬಂದು, ವರ್ಗವಾಗಿ, ನಿವೃತ್ತರೂ ಆಗಿ ಹೋದರು. ಇವರು ಮಾತ್ರ ಪ್ರತಿ ಜೂನ್‌ನಲ್ಲಿ ಹೊಸದಾಗಿ ಅರ್ಜಿ ಹಾಕಿ, ಪಟ್ಟಿಯಲ್ಲಿ ತಮ್ಮ ಹೆಸರಿದೆಯೋ ಇಲ್ಲವೋ ಎಂದು ನೋಟಿಸ್ ಬೋರ್ಡಿನ ಮುಂದೆ ನಮ್ಮಂಥ ವಿದ್ಯಾರ್ಥಿಗಳ ಜೊತೆಗೇ ನಿಲ್ಲುತ್ತಿದ್ದರು. ಕುಳ್ಳಗಿನ ಆಳು, ದೊಡ್ಡ ಗಂಟಲು, ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿದ ಕಾಟನ್ ಸೀರೆ. ನಮ್ಮನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ಊರ ಹೆಸರಿನಿಂದ ಕರೆಯುತ್ತಿದ್ದರು. "ಹೆಬ್ಬೂರು, ಬಾಯ್ ಮುಚ್ಚು." "ಬೆಳ್ಳಾವಿ, ಎದ್ದೇಳು." ನಾನು ಕೋರ. ನನ್ನ ನಿಜವಾದ ಹೆಸರು ಅವರಿಗೆ ಹಾಜರಿ ಪುಸ್ತಕದಲ್ಲಿ ಮಾತ್ರ ಗೊತ್ತಿತ್ತು.

ಅವರು ಬೆನ್ನು ಹತ್ತಿದ್ದು ಇಂಗಾಲದ ನ್ಯಾನೋ ಕಣಗಳನ್ನು. ಕಣ್ಣಿಗಿರಲಿ, ನಮ್ಮ ಲ್ಯಾಬಿನ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಸಣ್ಣ ಕಣಗಳು. ಅವು ಬೆಳಕನ್ನು ಹೀರಿಕೊಂಡು, ಆ ಶಕ್ತಿಯಿಂದ ಪಕ್ಕದಲ್ಲಿರುವ ರಾಸಾಯನಿಕವನ್ನು ಒಡೆಯಬಲ್ಲವು, ಹೊಸದನ್ನು ಕಟ್ಟಲೂಬಲ್ಲವು. ಒಲೆ ಬೇಡ, ಕರೆಂಟು ಬೇಡ, ದುಬಾರಿ ಲೋಹ ಬೇಡ, ಬಿಸಿಲು ಸಾಕು. ದೊಡ್ಡ ಊರುಗಳ ದೊಡ್ಡ ಲ್ಯಾಬುಗಳಲ್ಲಿ ನಡೆಯುವ ಈ ಕೆಲಸ ನಿಮಗೇಕೆ ಮೇಡಂ ಎಂದು ಕಾಯಂ ಉಪನ್ಯಾಸಕರೊಬ್ಬರು ಒಮ್ಮೆ ಹಂಗಿಸಿದರು. "ಹಿತ್ಲಲ್ಲಿರೋ ಹುಣ್ಸೆ ಎಲೆ ಯಾರ್ನೂ ಕೇಳ್ದೆ ಬಿಸ್ಲು ಹಿಡ್ದು ಕೆಲ್ಸ ಮಾಡ್ತದೆ ಸರ್. ಎಂಎಸ್ಸಿ ಓದಿರೋ ನಾನು ನಿಮ್ಮುನ್ನ ಕೇಳ್ಬೇಕಾ?" ಎಂದರು ಮೇಡಂ. ಅಲ್ಲಿಗೆ ಆ ಮಾತು ಮುಗಿಯಿತು.

ಹುಣಸೆಯ ಮಾತು ಸುಮ್ಮನೆ ಬಂದದ್ದಲ್ಲ. ಅವರು ಇಂಗಾಲ ಮಾಡುತ್ತಿದ್ದದ್ದೇ ಹುಣಸೆಹಣ್ಣಿನಿಂದ, ತುಮಕೂರಿನಲ್ಲಿ ಅದಕ್ಕೇನು ಬರ. ಹಣ್ಣು ಕಿವುಚಿ ರಸ ತೆಗೆದು, ಲೇತ್ ಅಂಗಡಿಯಲ್ಲಿ ಹೇಳಿ ಮಾಡಿಸಿದ ದಪ್ಪ ಸ್ಟೀಲ್ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ, ಲ್ಯಾಬಿನ ಓವನ್‌ನಲ್ಲಿ ಬೆಳಗಿನಿಂದ ಸಂಜೆವರೆಗೆ ಕಾಯಿಸುತ್ತಿದ್ದರು. ಕಂದು ಬಣ್ಣದ ನೀರು ಬರುತ್ತಿತ್ತು, ಅಡಿಯಲ್ಲಿ ಕರಿಯ ಗಸಿ. ಗಸಿ ಒಂದು ಚೂರೂ ಉಳಿಯದಂತೆ ಮತ್ತೆ ಮತ್ತೆ ಸೋಸಬೇಕು. ಸೋಸಿದ ನೀರಿಗೆ ಕಳ್ಳನೋಟು ಪತ್ತೆ ಮಾಡುವ ಟಾರ್ಚು ಬಿಟ್ಟರೆ ತಿಳಿನೀಲಿಯಾಗಿ ಹೊಳೆಯುತ್ತಿತ್ತು. ಹೊಳೆದರೆ ಕಣಗಳಿವೆ ಎಂದು ಲೆಕ್ಕ. ಆಮೇಲೆ ನೀಲಿ ಬಣ್ಣ ಕಲಸಿದ ನೀರಿಗೆ ಅದನ್ನು ಹಾಕಿ ತಾರಸಿಯ ಬಿಸಿಲಿಗೆ ಇಡುವುದು. ಕಣಗಳು ಬಿಸಿಲು ಹಿಡಿದು ಬಣ್ಣವನ್ನು ಒಡೆದರೆ ನೀರು ತಿಳಿಯಾಗುತ್ತದೆ.

ಇಲ್ಲಿಗೆ ಬೇರೆಯವರ ಪ್ರಯೋಗ ಮುಗಿಯುತ್ತದೆ, ಮೇಡಂ ಅವರದ್ದು ಶುರುವಾಗುತ್ತದೆ. ಬಿಸಿಲಿಗೆ ಇಟ್ಟ ಬಾಟಲಿಗೆ ಜೋಡಿಯಾಗಿ ಇನ್ನೊಂದನ್ನು ಕತ್ತಲಲ್ಲಿ ಇಡಬೇಕು. ಅದೇ ನೀರು, ಅದೇ ಬಣ್ಣ, ಅದೇ ಇಂಗಾಲ, ಬೆಳಕೊಂದು ಇಲ್ಲ. ಬಿಸಿಲಿನದು ತಿಳಿಯಾಗಿ, ಕತ್ತಲೆಯದು ನೀಲಿಯಾಗಿಯೇ ಉಳಿದರೆ ಆಗ ಅದು ಬೆಳಕಿನ ಕೆಲಸ. ಇಂಗಾಲ ಹಾಕದೆ ಬಿಸಿಲಿಗಿಟ್ಟ ಮೂರನೆಯದೊಂದೂ ಇರುತ್ತಿತ್ತು, ಆದರೆ ಮೇಡಂ ಅವರ ಜೀವವಿದ್ದದ್ದು ಕತ್ತಲೆ ಬಾಟಲಿಯಲ್ಲಿ. ಅವರ ಯಜಮಾನರು ಬಸವರಾಜಣ್ಣ ಗುಬ್ಬಿಯಲ್ಲಿ ಟೈಲರ್. ಕರಿಯ ಕೊಡೆಬಟ್ಟೆಯನ್ನು ಎರಡು ಪದರ ಮಾಡಿ, ಬಾಯಿಗೆ ಲಾಡಿ ಪೋಣಿಸಿ, ಬಾಟಲಿ ಅಳತೆಗೆ ಹನ್ನೆರಡು ಚೀಲ ಹೊಲಿದುಕೊಟ್ಟಿದ್ದರು. ಒಂದೊಂದರ ಮೇಲೂ ಕೆಂಪು ದಾರದಲ್ಲಿ ನಂಬರು. ಮದುವೆ ರವಿಕೆಗೆ ಹಾಕುವಷ್ಟೇ ಮುತುವರ್ಜಿಯಿಂದ ಆ ನಂಬರುಗಳನ್ನು ಹೊಲಿದಿದ್ದರು.

ಮೇಡಂ ತಾವೇ ಏಮಾರಿದ ಕಥೆಯನ್ನು ಹೇಳದಿದ್ದರೆ ಅವರಿಗೆ ಅನ್ಯಾಯವಾಗುತ್ತದೆ. ನಾನು ಎಂಎಸ್ಸಿ ಮೊದಲ ವರ್ಷದಲ್ಲಿದ್ದೆ. ಆಯುಧಪೂಜೆಗೆ ಲ್ಯಾಬನ್ನು ತೊಳೆದು, ಓವನ್‌ಗೆ, ತಕ್ಕಡಿಗೆ, ಬಾಟಲಿಗಳ ಮುಚ್ಚಳಕ್ಕೆ ಅವರೇ ಅರಿಶಿನ ಕುಂಕುಮ ಇಟ್ಟು ಮಂಗಳಾರತಿ ಮಾಡಿದ್ದರು. ಮುಂದಿನ ವಾರ ಹುಣಸೆ ಇಂಗಾಲವನ್ನು ಸ್ಪಿರಿಟ್‌ನಲ್ಲಿ ಕಲಸಿ ಟಾರ್ಚು ಬಿಟ್ಟರೆ, ಎಂದೂ ಇಲ್ಲದ ಹಸಿರು ಹೊಳಪು. ಮೇಡಂ ಕುಣಿದಾಡುವುದೊಂದು ಬಾಕಿ. ಮರುದಿನ ಮನೆಯಿಂದ ಕೊಬ್ಬರಿ ಮಿಠಾಯಿ ಮಾಡಿ ತಂದು ಇಡೀ ವಿಭಾಗಕ್ಕೆ ಹಂಚಿದರು. ಮೂರನೇ ದಿನ, ಇಂಗಾಲ ಹಾಕದ ಬರೀ ಸ್ಪಿರಿಟ್ ಬಾಟಲಿಯನ್ನೂ ನೋಡಿಬಿಡೋಣ ಎಂದು ಟಾರ್ಚು ಹಿಡಿದರು. ಅದೂ ಹಸಿರಾಗಿ ಹೊಳೆಯಿತು. ಮುಚ್ಚಳದ ಅರಿಶಿನ ಸ್ಪಿರಿಟ್‌ನಲ್ಲಿ ಕರಗಿ ಇಳಿದಿತ್ತು. ಅರಿಶಿನಕ್ಕೂ ಆ ಟಾರ್ಚಿಗೆ ಹೊಳೆಯುವ ಗುಣವಿದೆ ಎಂಬುದು ಪೂಜೆ ಮಾಡುವಾಗ ಯಾರಿಗೆ ನೆನಪಿರುತ್ತದೆ?

ಬೇರೆಯವರಾಗಿದ್ದರೆ ಬಾಟಲಿ ತೊಳೆದಿಟ್ಟು ಸುಮ್ಮನಾಗುತ್ತಿದ್ದರು. ಇವರು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ "ಹೊಳೆದದ್ದು ಇಂಗಾಲ ಅಲ್ಲ, ಅರಿಶಿನ. ತಪ್ಪು ನನ್ನದು" ಎಂದು ಬರೆದು, ಕೆಳಗೆ ಸಹಿ ಹಾಕಿ, ಲ್ಯಾಬಿನ ಗೋಡೆಗೆ ಅಂಟಿಸಿದರು. ಮಿಠಾಯಿ ವಾಪಸ್ ಕೊಡಬೇಕಾ ಮೇಡಂ ಎಂದು ಹೆಬ್ಬೂರಿನವನು ಕಿಚಾಯಿಸಿದ. "ಎತ್ತು ಈಯ್ತು ಅಂದೋಳು ನಾನು, ಕೊಟ್ಗೇಲಿ ಕಟ್ಟು ಅಂದೋರು ನೀವು. ಮಿಠಾಯಿ ಇಬ್ರಿಗೂ ಸಮ" ಎಂದರು. ಮುಂದಿನ ವರ್ಷವೂ ಆಯುಧಪೂಜೆ ಮಾಡಿದರು. ಅರಿಶಿನ ಬಾಗಿಲ ಹೊಸ್ತಿಲಿನಲ್ಲೇ ನಿಂತಿತು, ಒಳಗೆ ಬರೀ ಸೇವಂತಿಗೆ ಹೂವು.

ಆ ಹಾಳೆಯನ್ನು ದಿನಾ ನೋಡುತ್ತಿದ್ದ ನಾನೇ ಎರಡನೇ ವರ್ಷದಲ್ಲಿ ಮಾಡಿದ ಕೆಲಸವನ್ನು ಈಗ ಹೇಳಬೇಕು. ನನ್ನ ಪ್ರಾಜೆಕ್ಟಿಗೆ ಮೇಡಂ ಮಾರ್ಗದರ್ಶಕರು. ಸಿ.ಎಸ್. ಪುರದ ತಮ್ಮನ ಮನೆಯ ಗೃಹಪ್ರವೇಶಕ್ಕೆಂದು ಅವರು ಮೂರು ದಿನ ರಜೆ ಹಾಕಿದರು. ಹೋಗುವಾಗ, ಸೋಸುವುದಕ್ಕೆ ಮಾತ್ರ ಆತುರ ಪಡಬೇಡ ಎಂದು ಎರಡು ಸಲ ಹೇಳಿ ಹೋದರು. ಸೋಸುಕಾಗದದಲ್ಲಿ ತೊಟ್ಟು ತೊಟ್ಟಾಗಿ ಇಳಿಯುವುದನ್ನು ನೋಡುತ್ತ ಕೂರಲು ನನಗೆ ತಾಳ್ಮೆ ಇರಲಿಲ್ಲ. ಬಟ್ಟೆಯಲ್ಲಿ ಒಂದು ಸಲ ಸೋಸಿ, ಬೆಳಗ್ಗೆ ಹತ್ತಕ್ಕೆ ಒಂದು ಬಾಟಲಿಯನ್ನು ತಾರಸಿಯ ಮೇಲಿಟ್ಟೆ, ಇನ್ನೊಂದನ್ನು ನಾಲ್ಕನೇ ನಂಬರಿನ ಕರಿಚೀಲದಲ್ಲಿ ಕಟ್ಟಿ ಬೀರುವಿನಲ್ಲಿಟ್ಟೆ. ಮಧ್ಯಾಹ್ನಕ್ಕೆ ಬಿಸಿಲಿನ ಬಾಟಲಿ ಕುಡಿಯುವ ನೀರಿನಷ್ಟು ತಿಳಿ. ಖುಷಿಯಿಂದ ಕೆಳಗೆ ಓಡಿ ಬಂದು ಚೀಲ ಬಿಚ್ಚಿದೆ.

ಕತ್ತಲೆ ಬಾಟಲಿಯೂ ತಿಳಿಯಾಗಿತ್ತು.

ಲಾಡಿ ಸರಿಯಾಗಿ ಕಟ್ಟಿರಲಿಲ್ಲವೇನೋ, ಬೀರುವಿನ ಸಂದಿನಿಂದ ಬೆಳಕು ನುಗ್ಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಅಷ್ಟರಲ್ಲಿ ಮೆಟ್ಟಿಲಿನ ಮೇಲೆ ಪ್ರಿನ್ಸಿಪಾಲರ ದನಿ ಕೇಳಿಸಿತು. ತಾರಸಿಯಲ್ಲಿ ಬಾಟಲಿ ನೋಡಿದ ಯಾರೋ ಅವರಿಗೆ ಸುದ್ದಿ ಮುಟ್ಟಿಸಿದ್ದರು. ನಾನು ಕತ್ತಲೆ ಬಾಟಲಿಯನ್ನು ಗಡಿಬಿಡಿಯಲ್ಲಿ ಸಿಂಕಿಗೆ ಸುರಿದೆ. ಅರ್ಧ ಚೀಲದ ಮೇಲೇ ಚೆಲ್ಲಿತು. ಒದ್ದೆ ಚೀಲವನ್ನು ಉಳಿದವುಗಳ ಅಡಿಗೆ ತುರುಕಿ, ಕೈ ಒರೆಸಿಕೊಂಡು ನಗುತ್ತ ನಿಂತೆ. ಪ್ರಿನ್ಸಿಪಾಲರು ಬಿಸಿಲಿನ ಬಾಟಲಿಯನ್ನು ನನ್ನ ಕೈಯಲ್ಲಿ ಕೊಟ್ಟು ಫೋಟೋ ತೆಗೆಸಿದರು. ಎರಡು ದಿನಕ್ಕೆ ಪೇಪರಿನಲ್ಲಿ ಬಂತು, ಹುಣಸೆಹಣ್ಣಿನಿಂದ ಬಿಸಿಲು ಹಿಡಿದ ತುಮಕೂರಿನ ವಿದ್ಯಾರ್ಥಿನಿ ಎಂದು. ಅಪ್ಪ ಅದನ್ನು ಕತ್ತರಿಸಿ ಕೋರದ ಹಾಲಿನ ಡೈರಿಯ ಗೋಡೆಗೆ ಅಂಟಿಸಿದರು.

ಮೇಡಂ ರಜೆ ಮುಗಿಸಿ ಬಂದವರು ಪೇಪರನ್ನು ಪೂರ್ತಿ ಓದಿ ಮಡಿಸಿಟ್ಟರು.

"ಕತ್ಲೆ ಬಾಟ್ಲಿ ಏನಾಗಿತ್ತೇ ಕೋರ?"

"ಇಡ್ಲಿಲ್ಲ ಮೇಡಂ" ಎಂದೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕಣ್ಣು ತಾನಾಗಿ ಬೀರುವಿನ ಕಡೆ ಹೋಯಿತು. ಮೇಡಂ ಎದ್ದುಹೋಗಿ ಬೀರು ತೆಗೆದು, ಚೀಲಗಳನ್ನು ಎಣಿಸಿದಂತೆ ಮಾಡಿ, ಮತ್ತೆ ಮುಚ್ಚಿದರು. ಮರುದಿನ, ನಾನು ಉಳಿಸಿದ್ದ ಅದೇ ದ್ರವದಿಂದ ಎರಡೂ ಬಾಟಲಿ ತಾವೇ ಇಟ್ಟರು. ಮಧ್ಯಾಹ್ನಕ್ಕೆ ಎರಡೂ ತಿಳಿ. "ನಮ್ಮವ್ವ ಕೆರೆ ನೀರ್ಗೆ ಇದ್ಲು ಹಾಕಿ ತಿಳಿ ಮಾಡ್ತಿದ್ಲು. ಅದ್ಕೇನ್ ಬಿಸ್ಲು ಬೇಕಿತ್ತೇನೇ?" ಎಂದರು. ನಾನು ಸರಿಯಾಗಿ ಸೋಸದೆ ಬಿಟ್ಟ ಗಸಿ ಇದ್ದಿಲಿನ ಹಾಗೆ ಬಣ್ಣವನ್ನು ತನಗೆ ಅಂಟಿಸಿಕೊಂಡು ತಳಕ್ಕೆ ಕೂತಿತ್ತು. ಬೆಳಕು ಏನೂ ಮಾಡಿರಲಿಲ್ಲ.

ಎಂಟು ದಿನದಲ್ಲಿ ಕಾಲೇಜಿಗೆ ಪರಿಶೀಲನಾ ಸಮಿತಿ ಬರುವುದಿತ್ತು. ಗೇಟಿನ ಬಳಿ ನನ್ನ ಫೋಟೋದ ಫ್ಲೆಕ್ಸ್ ಆಗಲೇ ನಿಂತಿತ್ತು. ನಾನು ಅತ್ತು ಕರೆದೆ. ಸುಮ್ಮನಿದ್ದುಬಿಡಿ ಮೇಡಂ, ಯಾರಿಗೆ ಗೊತ್ತಾಗುತ್ತೆ ಎಂದು ಬೇಡಿಕೊಂಡೆ. "ಬಾಟ್ಲಿಗ್ ಗೊತ್ತಾಯ್ತಲ್ಲ. ಇನ್ಯಾರ್ಗ್ ಗೊತ್ತಾಗ್ಬೇಕು?" ಎಂದರು. ಪ್ರಿನ್ಸಿಪಾಲರು ಅವರನ್ನು ಕರೆಸಿದಾಗ ನಾನು ಫೈಲು ಹಿಡಿದು ಬಾಗಿಲ ಹೊರಗೆ ನಿಂತಿದ್ದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಹಾಗೆ ನೋಡಿ ಮೇಡಂ ಎಂದು ಅವರು ಮೆತ್ತಗೆ ಹೇಳುತ್ತಿದ್ದರು. ಜೂನ್ ಹತ್ತಿರ ಬಂತಲ್ಲ, ನಿಮ್ಮದೂ ಅರ್ಜಿ ಇರುತ್ತಲ್ಲ ಎಂದೂ ಅಷ್ಟೇ ಮೆತ್ತಗೆ ಸೇರಿಸಿದರು.

"ಜೂನು ಹದಿನಾಲ್ಕ್ ಸಲ ನೋಡಿದೀನಿ ಸರ್" ಎಂದರು ಮೇಡಂ. "ಹದಿನೈದ್ನೇದ್ರಲ್ಲಿ ನನ್ ಹೆಸ್ರಿಲ್ದೆ ಇದ್ರೆ ಮುಂಗಾರೇನು ನಿಲ್ಲಾಕಿಲ್ಲ."

ಸಮಿತಿಯ ಮೂವರು ಹಿರಿಯರು ಬಂದ ದಿನ ಪ್ರಿನ್ಸಿಪಾಲರ ಮಾತಿನಂತೆ ನಾನು ತಿಳಿಬಾಟಲಿಯನ್ನು ಎತ್ತಿ ತೋರಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅತಿಥಿ ಉಪನ್ಯಾಸಕರಿಗೆ ಹಿಂದಿನ ಸಾಲು, ಅಲ್ಲಿಂದ ಮೇಡಂ ಎದ್ದು ಬಂದರು. ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು, ತಿಳಿನೀರನ್ನು ನಿಧಾನವಾಗಿ ಬಸಿದು ಚೆಲ್ಲಿ, ತಳದಲ್ಲಿ ಉಳಿದ ಕರಿಗಸಿಗೆ ಸ್ಪಿರಿಟ್ ಹಾಕಿ ಕುಲುಕಿದರು. ನೋಡುತ್ತಿದ್ದಂತೆ ಬಾಟಲಿಯ ತುಂಬ ನೀಲಿ ಎದ್ದಿತು.

"ಬಣ್ಣ ಸತ್ತಿಲ್ಲ ಸರ್, ಅಡಗಿದೆ. ಇದು ಬೆಳಕಿನ ಕೆಲ್ಸ ಅಲ್ಲ, ಇದ್ಲಿನ ಕೆಲ್ಸ. ಕತ್ಲೆ ಬಾಟ್ಲಿ ನೋಡ್ದೆ ಪೇಪರ್ಗೆ ಹೋಗಿದ್ದು ತಪ್ಪು. ಅದ್ನ ನೋಡೋದು ಗೈಡ್ ಆದ ನನ್ ಕೆಲ್ಸ. ನಾನ್ ಊರಲ್ಲಿರ್ಲಿಲ್ಲ."

ಹಾಗಾದರೆ ನಿಮ್ಮ ಹುಣಸೆ ಇಂಗಾಲ ಬೆಳಕು ಹಿಡಿಯುತ್ತದೋ ಇಲ್ಲವೋ ಎಂದು ಹಿರಿಯರೊಬ್ಬರು ಕೇಳಿದರು. ಇನ್ನೂ ಗೊತ್ತಿಲ್ಲ, ಗೊತ್ತಾದ ಮೇಲೆ ಬರೆದು ಕಳಿಸುತ್ತೇನೆ ಎಂದು ಹೇಳಿ ಮೇಡಂ ತಮ್ಮ ಸಾಲಿಗೆ ಹೋಗಿ ಕೂತರು. ಅವರ ಮೇಲೆ ನನಗೆ ಅವತ್ತು ಬಂದಷ್ಟು ಸಿಟ್ಟು ಇನ್ಯಾರ ಮೇಲೂ ಬಂದಿಲ್ಲ. ಅವರು ತಪ್ಪನ್ನು ತಮ್ಮ ತಲೆಗೆ ಎಳೆದುಕೊಂಡು ನನ್ನನ್ನು ಉಳಿಸಿದ್ದರು ಎಂಬುದು ಆ ಸಿಟ್ಟಿನಲ್ಲಿ ನನಗೆ ಹೊಳೆಯಲೇ ಇಲ್ಲ.

ಜೂನ್ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಪಾಠದ ಅವಧಿ ಕಡಿಮೆಯಾಗಿದೆ ಎಂದು ಕಾರಣ ಹೇಳಿದರಂತೆ. ನಾನು ಪರೀಕ್ಷೆ ಬರೆದು ಮುಗಿಸಿದ್ದೆ. ಅದಕ್ಕೆ ಮುಂಚೆ ಮೇಡಂ ಪ್ರಾಜೆಕ್ಟ್ ವರದಿಯನ್ನು ಮೊದಲಿನಿಂದ ಬರೆಸಿದ್ದರು, ಬೆಳಕಿಲ್ಲದೆಯೂ ಬಣ್ಣ ಹೇಗೆ ಹೋಯಿತು ಎಂಬುದನ್ನೇ ವಿಷಯವಾಗಿಟ್ಟು. ಅದಕ್ಕೆ ಒಳ್ಳೆಯ ಅಂಕವೂ ಬಂತು. ಚೀಲಗಳನ್ನೂ ಸ್ಟೀಲ್ ಡಬ್ಬಿಯನ್ನೂ ಒಯ್ಯಲು ಅವರು ಬಂದ ದಿನ, ನಾನು ಬಸ್ ಸ್ಟ್ಯಾಂಡಿನವರೆಗೆ ಹೊತ್ತುಕೊಂಡು ಹೋದೆ. ದಾರಿಯುದ್ದಕ್ಕೂ, ಕತ್ತಲೆ ಬಾಟಲಿ ಇಟ್ಟಿದ್ದೆ ಎಂಬ ಆ ಒಂದು ಮಾತು ನಾಲಿಗೆಯ ತುದಿಯಲ್ಲಿತ್ತು. ಬಸ್ಸು ಬಂತು, ಅವರು ಹತ್ತಿದರು, ನಾನು ಕೈ ಬೀಸಿದೆ. ಲ್ಯಾಬಿನ ಗೋಡೆಯ ಅರಿಶಿನದ ಹಾಳೆಯನ್ನು ಆ ವಾರವೇ ಯಾರೋ ಕಿತ್ತು ಹಾಕಿದ್ದರು.

ಆಮೇಲೆ ಅವರು ಕುಣಿಗಲ್‌ನ ಒಂದು ಖಾಸಗಿ ಪಿಯು ಕಾಲೇಜಿಗೆ ಸೇರಿದರು. ವಾರಪೂರ್ತಿ ಅಲ್ಲೇ ತಾರಸಿಯ ಮೇಲಿನ ಒಂಟಿ ಕೋಣೆಯಲ್ಲಿ ವಾಸ, ಶನಿವಾರ ಸಂಜೆ ಗುಬ್ಬಿಗೆ. ಮಗಳಿಗೆ ಹೇಳುವ ಹಾಗೆ, ಹೋಗಬೇಡ, ಹೊಲಿಗೆಯಲ್ಲೇ ಇಬ್ಬರ ಜೀವನ ಸಾಗುತ್ತೆ ಎಂದು ಬಸವರಾಜಣ್ಣ ಹೇಳಿ ನೋಡಿದರಂತೆ. ಮನೆಗಿಂತ ಆ ತಾರಸಿಗೆ ಬಿಸಿಲು ಚೆನ್ನಾಗಿ ಬೀಳುತ್ತದೆ ಎಂಬುದು ಮೇಡಂ ಕೊಟ್ಟ ಉತ್ತರ. ಕಳೆದ ಡಿಸೆಂಬರಿನಲ್ಲಿ ನನಗೆ ಗುಬ್ಬಿಯಲ್ಲಿ ಪಿಯು ಉಪನ್ಯಾಸಕಿಯ ಕೆಲಸ ಸಿಕ್ಕಾಗ ಕೊಬ್ಬರಿ ಮಿಠಾಯಿ ಕಟ್ಟಿಸಿಕೊಂಡು ಕುಣಿಗಲ್‌ಗೆ ಹೋದೆ. ಅದೇ ಕೊನೆಯ ಭೇಟಿಯಾಯಿತು.

ಮಧ್ಯಾಹ್ನ ಒಂದು ಗಂಟೆ ಇರಬಹುದು. ಕೆರೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ತಾರಸಿಯ ಗೋಡೆಯ ಮೇಲೆ ಎರಡು ಬಾಟಲಿ ಇದ್ದವು. ಇಂಗಾಲ ಹಾಕದ್ದು ಸ್ವಲ್ಪ ಮಾಸಿದ ನೀಲಿ, ಇಂಗಾಲ ಹಾಕಿದ್ದು ತಿಳಿ. ತಳದಲ್ಲಿ ಗಸಿ ಎಂಬುದು ಇರಲಿಲ್ಲ. ಮೇಡಂ ಕೋಣೆಯೊಳಗಿನ ತಗಡಿನ ಟ್ರಂಕು ತೆಗೆದು, ಚೀಲ ಎತ್ತಿ ನನ್ನ ಕೈಗೆ ಕೊಟ್ಟು, ನೀನೇ ಬಿಚ್ಚು ಎಂದರು. ಲಾಡಿ ಸಡಿಲಿಸಿದೆ. ಒಳಗಿನ ಬಾಟಲಿ ಕಡು ನೀಲಿ, ಬೆಳಗ್ಗೆ ಕಲಸಿದ ಹಾಗೇ ಇತ್ತು. ನನಗೆ ಕಣ್ಣು ತುಂಬಿ ಬಂತು. ಆಯ್ತಲ್ಲ ಮೇಡಂ, ಈಗಲೇ ಆ ಹಿರಿಯರಿಗೆ ಬರೆಯಿರಿ, ಪೇಪರಿನವರಿಗೆ ನಾನು ಹೇಳುತ್ತೇನೆ ಎಂದು ಬಡಬಡಿಸಿದೆ.

"ಸುಮ್ನಿರೇ. ಹನ್ನೊಂದ್ ಸಲ ಇಟ್ಟೆ. ಎಂಟ್ ಸಲ ಆಯ್ತು, ಮೂರ್ ಸಲ ಆಗ್ಲಿಲ್ಲ. ಆ ಮೂರು ಯಾಕಾಗ್ಲಿಲ್ಲ ಅಂತ ತಿಳೀದೆ ಯಾರ್ಗ್ ಏನಂತ ಬರೀಲಿ?"

ಆಮೇಲೆ ನನ್ನ ಕೈಯಿಂದ ಚೀಲ ತೆಗೆದುಕೊಂಡು ಮಡಿಸಿದರು. ಮೇಲೆ ಕೆಂಪು ದಾರದ ನಾಲ್ಕು.

"ಈ ಚೀಲ ಅವತ್ತು ಒದ್ದೆ ಇತ್ತು ಕಣೇ" ಎಂದರು.

ಇಷ್ಟು ವರ್ಷ ಗೊತ್ತಿದ್ದೂ, ಕೆಲಸ ಹೋಗುವಾಗಲೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಮಿಠಾಯಿಯ ಪೊಟ್ಟಣ ಬಿಚ್ಚುತ್ತ, ತರಕಾರಿ ದರ ಹೇಳುವವರ ದನಿಯಲ್ಲಿ ಹೇಳಿದರು.

"ಅದು ನೀನ್ ಹೇಳೋ ಮಾತು. ನಾನ್ ಹೇಳಿದ್ರೆ ಚಾಡಿ ಆಗ್ತದೆ. ಯಾವತ್ತ್ ಹೇಳ್ತೀಯೋ ಹೇಳು. ಈಗ ತಿನ್ನು."

ಈ ಸಂಕ್ರಾಂತಿ ಕಳೆದ ವಾರದಲ್ಲಿ ಮೇಡಂ ಕುಣಿಗಲ್‌ನ ತರಗತಿಯಲ್ಲಿ ಪಾಠ ಮಾಡುತ್ತಲೇ ಕುಸಿದರು. ಮೆದುಳಿನಲ್ಲಿ ರಕ್ತಸ್ರಾವ ಎಂದರು. ಎರಡು ದಿನ ಆಸ್ಪತ್ರೆಯಲ್ಲಿದ್ದು, ಮಾತಾಡದೆಯೇ ತೀರಿಕೊಂಡರು. ಕಾರ್ಯ ಮುಗಿದ ಮೇಲೆ ಬಸವರಾಜಣ್ಣ ನನ್ನನ್ನು ಗುಬ್ಬಿಯ ಅಂಗಡಿಗೆ ಕರೆದು ಸ್ಟೀಲ್ ಡಬ್ಬಿ, ನೋಟ್‌ಬುಕ್ಕು, ನಾಲ್ಕನೇ ನಂಬರಿನ ಚೀಲ ಕೊಟ್ಟರು. ಇದ್ನ ಕೋರದೋಳ್ಗೇ ಕೊಡು ಅಂತ ಮುಂಚೇನೇ ಹೇಳಿದ್ಳು, ಯಾಕಂತ ನಾನ್ ಕೇಳ್ಲಿಲ್ಲ ಎಂದರು. ನೋಟ್‌ಬುಕ್ಕಿನಲ್ಲಿ ಹನ್ನೊಂದರ ನಂತರ ಹನ್ನೆರಡನೆಯದಕ್ಕೆ ತಾರೀಖು ಬರೆದು ಜಾಗ ಬಿಟ್ಟಿದ್ದರು.

ಹದಿನೈದು ದಿನದ ಮೇಲೆ ತುಮಕೂರಿನ ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆ ಏರ್ಪಾಡಾಯಿತು. ಹಳೆಯ ವಿದ್ಯಾರ್ಥಿಗಳು ಒತ್ತಾಯಿಸಿದ್ದರಿಂದ ಎಂದು ಆಮೇಲೆ ತಿಳಿಯಿತು. ಮೇಡಂ ಫೋಟೋಗೆ ಗುಲಾಬಿ ಹಾರ, ಎದುರಿಗೆ ದೀಪ. ವೇದಿಕೆಯ ಹಿಂದೆ ಹೊಸ ಫ್ಲೆಕ್ಸ್. ಅದರಲ್ಲಿ ಮೇಡಂ ಮುಖದ ಪಕ್ಕದಲ್ಲೇ ಆ ತಿಳಿಬಾಟಲಿ ಇತ್ತು, ಅದೇ ಹಳೆಯ ಫೋಟೋದಿಂದ ನನ್ನ ಕೈಯನ್ನು ಮಾತ್ರ ಉಳಿಸಿ ಕತ್ತರಿಸಿದ್ದು. ಮುಂದಿನ ಸಾಲಿನಲ್ಲಿ ಬಸವರಾಜಣ್ಣ ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದರು.

ಅದೇ ಪ್ರಿನ್ಸಿಪಾಲರು ಮಾತಾಡಿದರು. ಸತ್ತೆಮ್ಮೆಗೆ ಹತ್ತು ಸೇರು ಹಾಲು ಎಂಬ ಗಾದೆಯನ್ನು ಮೇಡಂ ಇಂಥ ಸಭೆಗಳಲ್ಲಿ ನಮ್ಮ ಕಿವಿಯಲ್ಲಿ ಹೇಳುತ್ತಿದ್ದರು. ಹುಣಸೆಹಣ್ಣಿನಿಂದ ಬಿಸಿಲು ಹಿಡಿದ ಮಹಾ ಸಾಧಕಿ, ನಮ್ಮ ಕಾಲೇಜಿನ ತಾರಸಿಯಲ್ಲೇ ಆ ಸಂಶೋಧನೆ ನಡೆಯಿತು, ಪರಿಶೀಲನಾ ಸಮಿತಿಯ ಮುಂದೆ ಅವರು ಬಾಟಲಿ ಹಿಡಿದು ನಿಂತಾಗ ಹಿರಿಯರೆಲ್ಲ ಬೆರಗಾದರು ಎಂದು ಪ್ರಿನ್ಸಿಪಾಲರು ಹೇಳುತ್ತ ಹೋದರು. ಯಾವುದನ್ನು ಅಲ್ಲ ಎಂದು ಹೇಳಿ ಆಕೆ ಕೆಲಸ ಕಳೆದುಕೊಂಡರೋ ಅದನ್ನೇ ಆಕೆಯ ಕೊರಳಿಗೆ ಹಾರವಾಗಿ ಹಾಕುತ್ತಿದ್ದರು. ನಿಜ ಗೊತ್ತಿದ್ದವರು ಹತ್ತಾರು ಜನ ಅಲ್ಲಿದ್ದರು. ಸತ್ತವರನ್ನು ಹೊಗಳುವಾಗ ಯಾರೂ ಅಡ್ಡ ಬರುವುದಿಲ್ಲ, ಎಲ್ಲರೂ ತಲೆ ತಗ್ಗಿಸಿ ಕೂತಿದ್ದರು. ನಾನೂ ತಲೆ ತಗ್ಗಿಸಿದ್ದೆ. ತಗ್ಗಿಸಿದ ಕಣ್ಣಿಗೆ ತೊಡೆಯ ಮೇಲಿನ ಬ್ಯಾಗು, ಅದರೊಳಗಿನ ಕರಿಚೀಲ ಕಂಡಿತು.

ಹೂವು ಹಾಕುವವರ ಸಾಲಿನಲ್ಲಿ ನನ್ನ ಸರದಿ ಬಂದಾಗ ನಾನು ಫೋಟೋದ ಕಡೆ ಹೋಗದೆ ಮೈಕಿನ ಕಡೆ ಹೋದೆ. ಎರಡು ನುಡಿ ಹೇಳುತ್ತಾಳೆ ಎಂದುಕೊಂಡು ಪ್ರಿನ್ಸಿಪಾಲರು ಜಾಗ ಬಿಟ್ಟರು.

"ಸರ್, ಕತ್ತಲೆ ಬಾಟಲಿ ಎಲ್ಲಿ?" ಎಂದು ಕೇಳಿದೆ.

ಅವರಿಗೆ ತಕ್ಷಣ ಅರ್ಥವಾಗಲಿಲ್ಲ. ನಾನು ಸಭೆಯ ಕಡೆ ತಿರುಗಿ ಹೇಳಿದೆ. ಈ ಫ್ಲೆಕ್ಸಿನಲ್ಲಿರುವುದು ಮೇಡಂ ಅವರ ಸಂಶೋಧನೆಯಲ್ಲ, ನನ್ನ ತಪ್ಪು. ಈ ಕೈ ನನ್ನದು. ಅವತ್ತು ಕತ್ತಲೆ ಬಾಟಲಿಯನ್ನು ನಾನು ಇಟ್ಟಿದ್ದೆ, ಅದೂ ತಿಳಿಯಾಗಿತ್ತು, ಅದನ್ನು ಸಿಂಕಿಗೆ ಸುರಿದು ಇಡಲೇ ಇಲ್ಲ ಎಂದು ಸುಳ್ಳು ಹೇಳಿದೆ. ಮೇಡಂಗೆ ಗೊತ್ತಿತ್ತು, ತಮ್ಮ ಮೇಲೆ ಹಾಕಿಕೊಂಡರು. ಸಮಿತಿಯ ಮುಂದೆ ಅವರು ಬಾಟಲಿ ಹಿಡಿದದ್ದು ಇದು ಸುಳ್ಳು ಎಂದು ತೋರಿಸಲಿಕ್ಕೆ, ಅದಕ್ಕೇ ಆ ಜೂನ್‌ನಲ್ಲಿ ಅವರ ಹೆಸರು ಹೋಯಿತು. ಅವರ ಸಂಶೋಧನೆ ಕುಣಿಗಲ್‌ನಲ್ಲಿ ನಡೆದದ್ದು. ಹನ್ನೊಂದು ಸಲದಲ್ಲಿ ಎಂಟು ಸಲ ಆಗಿದೆ, ಮೂರು ಸಲ ಆಗಿಲ್ಲ. ಹನ್ನೆರಡನೆಯದನ್ನು ನಾನು ಇಡುತ್ತೇನೆ.

ಅಮ್ಮಾ, ಇದು ಶ್ರದ್ಧಾಂಜಲಿ ಸಭೆ ಎಂದು ಪ್ರಿನ್ಸಿಪಾಲರು ಪಕ್ಕದಿಂದ ಮೆತ್ತಗೆ ಎಚ್ಚರಿಸಿದರು. ಅದಕ್ಕೇ ಹೇಳುತ್ತಿದ್ದೇನೆ ಸರ್ ಎಂದೆ. ಅವರು ಯಾರಿಗೋ ಸನ್ನೆ ಮಾಡಿದರು, ಮೈಕು ಗೊರ್ ಎಂದು ನಿಂತುಹೋಯಿತು. ಬಸವರಾಜಣ್ಣ ಮುಂದಿನ ಸಾಲಿನಿಂದ ಎದ್ದು ನಿಂತರು. ಹೊರಟು ಹೋಗುತ್ತಾರೇನೋ ಎಂದುಕೊಂಡೆ, ಹೋಗಲಿಲ್ಲ. ನನ್ನನ್ನೇ ನೋಡುತ್ತ, ಹಿಂದೆ ಕೇಳಿಸ್ತಿಲ್ಲ ಕಣಮ್ಮ ಎಂದರು.

ನಾನು ಚೀಲವನ್ನು ಹೊರಗೆ ತೆಗೆದು, ನಂಬರು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು, ಅತಿಥಿ ಉಪನ್ಯಾಸಕರು ಕೂರುವ ಕೊನೆಯ ಸಾಲಿಗೂ ಕೇಳುವ ದನಿಯಲ್ಲಿ, ಎಲ್ಲವನ್ನೂ ಮತ್ತೆ ಮೊದಲಿನಿಂದ ಹೇಳಿದೆ.